ಪಕ್ಕದ ಮನೆಯ ಫಾರ್ವರ್ಡ್ ಆಟಗಾರ್ತಿ

ಕಳೆದ ವಾರ, ನಾವಿರುವ ಪರದೇಶದ ಊರು ಕ್ಲಾಂಡಾಲ್ಕಿನ್‌ನ ಟರ್ಕಿ ಅಂಗಡಿಯಲ್ಲಿ ಯಾರದೋ ಕೈಜಾರಿ ನಿಂಬೆ ಪರಿಮಳದ ಕಲೋನ್ ಅತ್ತರಿನ ಬಾಟಲಿ ಒಡೆದಿತ್ತು. ಮೊಸರು ತರಲು ಹೋದ ನಾನು ಆ ವಾಸನೆಗೆ ಅಲ್ಲೇ ನಿಂತುಬಿಟ್ಟೆ. ನಮ್ಮ ಪಕ್ಕದ ಮನೆಯಲ್ಲಿದ್ದ ಟರ್ಕಿಯ ಹೆಂಗಸು ಬಾಗಿಲಿಗೆ ಬಂದವರ ಅಂಗೈಗೆ ಮೊದಲು ಅದನ್ನೇ ಸುರಿಯುತ್ತಿದ್ದರು. ಆಮೇಲೆ ಚಹಾ, ಮಾತು...

ಅವರು ಒಂದು ಕಾಲದಲ್ಲಿ ತಮ್ಮ ದೇಶದ ಮಹಿಳಾ ಫುಟ್‌ಬಾಲ್ ತಂಡದಲ್ಲಿ ಫಾರ್ವರ್ಡ್ ಆಗಿದ್ದವರು. ಅದು ನನಗೆ ಗೊತ್ತಾದದ್ದು ಅವರ ಮಂಡಿಯಿಂದ. ನಾನು ಮಂಗಳೂರಿನಲ್ಲಿ ಫಿಸಿಯೋಥೆರಪಿ ಓದಿ ಇಲ್ಲಿಯ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕಿದ್ದೇನೆ. ಅವರು ಕಾಲೆಳೆದು ನಡೆಯುವುದನ್ನು ನೋಡಿ ಒಂದು ದಿನ ನಾನೇ ಕೇಳಿದೆ. ಹಳೆಯ ಹೊಲಿಗೆಯ ಗುರುತು ತೋರಿಸಿ, ಕೂರಿಸಿಕೊಂಡು ಎಲ್ಲ ಹೇಳಿದರು.

ಕಪ್ಪು ಸಮುದ್ರದ ದಂಡೆಯ ಸಣ್ಣ ಊರು. ಕ್ಷೌರದಂಗಡಿಯಿಟ್ಟಿದ್ದ ಅಪ್ಪ, ಮಗಳು ಹುಡುಗರ ತಂಡದಲ್ಲಿ ಆಡಲೆಂದು ತಾವೇ ಅವಳ ಕೂದಲನ್ನು ಗಿಡ್ಡವಾಗಿ ಕತ್ತರಿಸಿದರಂತೆ. ಮುಂದೆ ಹೆಂಗಸರ ಕ್ಲಬ್ಬು ಸಿಕ್ಕಿತು, ದೇಶದ ಜೆರ್ಸಿಯೂ ಸಿಕ್ಕಿತು. ನಡುವೆ ಕ್ಲಬ್ಬು ಮುಚ್ಚಿದಾಗ ಬಟ್ಟೆ ಕಾರ್ಖಾನೆಗೆ ಸೇರಿ, ಸಂಜೆ ಅಲ್ಲಿನ ಗೋಡೆಗೇ ಚೆಂಡು ಒದ್ದು ಅಭ್ಯಾಸ ಮಾಡಿದ್ದರು. ಮತ್ತೊಂದು ತಂಡ ಕರೆಯಿತು. ಅಲ್ಲಿ ಒಂದು ಪಂದ್ಯದ ಮಧ್ಯೆ ಮಂಡಿ ತಿರುಚಿತು, ಸ್ಟ್ರೆಚರ್ ಬಂತು. ಅದೇ ಕೊನೆಯ ಪಂದ್ಯವೆಂದು ಆಗ ಅವರಿಗೆ ಗೊತ್ತಿರಲಿಲ್ಲ.

“ಬೇಸಿಗೇಲಿ ಇಲ್ಲಿ ಹೆಂಗಸರ ಮ್ಯಾಚ್ ಇದೆ. ನಾನು ಹತ್ತು ನಿಮಿಷ ಆಡ್ಬೇಕು,” ಎಂದರು.

“ಈ ಮಂಡಿ ಇಟ್ಕೊಂಡಾ? ಆರಾಮಾಗಿ ನಡೆಯೋಕಾದ್ರೆ ಸಾಲದಾ ನಿಮಗೆ?” ಎಂದೆ.

“ಅವತ್ತು ನನ್ನ ಹೊತ್ಕೊಂಡು ಹೊರಗೆ ತಂದ್ರು. ಈ ಸಲ ನಾನೇ ನಡ್ಕೊಂಡು ಬರ್ತೀನಿ.”

ಆ ಚಳಿಗಾಲವೆಲ್ಲ ನಮ್ಮ ಮನೆಯ ಮೆಟ್ಟಿಲ ಮೇಲೆ ವ್ಯಾಯಾಮ ನಡೆಯಿತು. ನೋವಾದಾಗ ತಮ್ಮ ಭಾಷೆಯಲ್ಲಿ ಬೈಯುತ್ತಿದ್ದರು. ನನ್ನನ್ನೋ ಮಂಡಿಯನ್ನೋ, ನಾನು ಕೇಳಲಿಲ್ಲ. ಸಾಕು ಎಂದರೆ ಬೇಕೆಂದೇ ಇನ್ನೊಮ್ಮೆ ಹತ್ತುತ್ತಿದ್ದರು.

ಪಂದ್ಯದ ದಿನ ಅವರನ್ನು ಕೊನೆಯಲ್ಲಿ ಇಳಿಸಿದರು. ಮೊದಲ ಚೆಂಡು ಕಾಲಿಗೆ ಸಿಗದೆ ಹೋಯಿತು. ಎರಡನೆಯದನ್ನು ಎದೆಯಲ್ಲಿ ತಡೆದು ಒದ್ದರು. ಅದು ಕಂಬಕ್ಕೆ ಬಡಿದು ಹೊರಗೆ ಹೋಯಿತು. ಅಷ್ಟರಲ್ಲಿ ಎದುರು ತಂಡದ ಹುಡುಗಿಯೊಬ್ಬಳು ಡಿಕ್ಕಿ ಹೊಡೆದಳು, ಇವರು ಬಿದ್ದರು. ನಾನು ಓಡಲು ಹೊರಟೆ. ಜೊತೆಗೆ ಬಂದಿದ್ದ ನನ್ನ ಮಗಳು ತೋಳು ಹಿಡಿದುಕೊಂಡಳು.

“ವೇಟ್, ಅಮ್ಮ. ಶೀ ಈಸ್ ಗ್ರ್ಯಾಂಡ್.” ಇಲ್ಲಿಯವರ ಮಾತಿನಲ್ಲಿ ಹಾಗೆಂದರೆ ಚೆನ್ನಾಗಿದ್ದಾರೆ, ಏನೂ ಆಗಿಲ್ಲ ಎಂದು.

ಅವರು ನನ್ನತ್ತ ಕೈಯೆತ್ತಿ ಬರಬೇಡವೆಂದರು. ಹುಲ್ಲಿಗೆ ಕೈಯೂರಿ, ಒಂದು ಕಾಲು, ಆಮೇಲೆ ಇನ್ನೊಂದು... ಎದ್ದರು. ಹತ್ತು ನಿಮಿಷ ಮುಗಿಯಿತೆಂದು ನಾನು ಕೈಬೀಸಿದರೆ, ಕಾಣದವರಂತೆ ಚೆಂಡಿನ ಹಿಂದೆ ಹೋದರು. ಸೀಟಿ ಊದಿದ ಮೇಲೆ, ಕೆಡವಿದ ಹುಡುಗಿಯ ಬೆನ್ನು ತಟ್ಟಿ, ಕುಂಟುತ್ತ ಗೆರೆ ದಾಟಿ ಬಂದರು. ಯಾರೂ ಅವರನ್ನು ಹಿಡಿದುಕೊಂಡಿರಲಿಲ್ಲ. ಬಂದವರೇ ನನ್ನ ಭುಜಕ್ಕೆ ಹಣೆಯಿಟ್ಟು ಅತ್ತರು.

ಮರುವರ್ಷ ತಾಯಿಯನ್ನು ನೋಡಲು ಊರಿಗೆ ಹೋದವರು ಅಲ್ಲೇ ಹೃದಯಾಘಾತದಿಂದ ತೀರಿಕೊಂಡರು. ಮನೆ ಖಾಲಿ ಮಾಡಲು ಬಂದ ಅವರ ಮಗ ಬಾಗಿಲಲ್ಲೇ ನಿಂತು ಸುದ್ದಿ ಹೇಳಿದ.

ಈಗ ಮಂಡಿನೋವೆಂದು ಬಂದವರನ್ನು ನಾನು ಮೊದಲು ಕೇಳುವುದು, ವಾಸಿಯಾದ ಮೇಲೆ ಏನು ಮಾಡಬೇಕೆಂದಿದ್ದೀರಿ ಎಂದು. ಮೊನ್ನೆ ಒಬ್ಬ ಅಜ್ಜ, ಮೊಮ್ಮಗಳ ಮದುವೆಯಲ್ಲಿ ಕುಣಿಯಬೇಕು ಎಂದರು. ಕುಣಿಸಿಯೇ ಕಳಿಸುತ್ತೇನೆ ಎಂದಿದ್ದೇನೆ. ಪಕ್ಕದ ಮನೆಯ ಆ ಆಟಗಾರ್ತಿ ಇದ್ದಿದ್ದರೆ ಬೇಲಿಯಾಚೆಯಿಂದ ದಿನಾ ವಿಚಾರಿಸುತ್ತಿದ್ದರು, ಅಜ್ಜನ ಕಾಲು ಎಲ್ಲಿಗೆ ಬಂತು ಎಂದು... ಈಗ ಕೇಳುವವರಿಲ್ಲ.