ಗುಡ್ಡದವರು ನೋಡುವ ದೋಣಿ

ಬೆಳಕೆಯ ದುರ್ಗಪ್ಪನಿಗೆ ಊರೆಲ್ಲ ನೆಂಟರೇ. ಆದರೂ ಹೆಂಡತಿ ನಾಗು ತೀರಿಕೊಂಡ ಮೇಲೆ, ಉಂಡೆಯಾ ಎಂದು ಕೇಳುವವರು ಒಬ್ಬರೂ ಇರಲಿಲ್ಲ. ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ. ಕಡಲಿಗೆ ಹೋದವನು ಬಂದನೋ ಇಲ್ಲವೋ ಎಂದು ದಂಡೆಯಲ್ಲಿ ನಿಂತು ನೋಡುವವರೇ ಇಲ್ಲದ ಬಾಳು ಅದು.

೧೯೪೪ರಲ್ಲಿ, ಯುದ್ಧದ ಕಾಲ, ಊರ ಗುಡ್ಡದ ಮೇಲೆ ಮಿಲಿಟರಿಯವರು ರಾಡಾರ್ ಯಂತ್ರ ತಂದು ಕೂರಿಸಿದರು. ಅದು ಕಣ್ಣಿಗೆ ಕಾಣದ ಅಲೆಗಳನ್ನು ಕಡಲ ಮೇಲೆ ಬಿಡುತ್ತಿತ್ತು. ಅವು ಏನಕ್ಕಾದರೂ ಬಡಿದು ಮರಳಿದರೆ ಗಾಜಿನ ಮೇಲೊಂದು ಗೆರೆ ಏಳುತ್ತಿತ್ತು. ಪೇಚೆಂದರೆ, ಸಮುದ್ರದ ತೆರೆಗಳೂ ಅವನ್ನು ಮರಳಿಸುತ್ತಿದ್ದವು. ಸಾಹೇಬರು ಅಲೆ ಬಿಡುವ ಯಂತ್ರದ ಸರಳುಗಳನ್ನು ಒಮ್ಮೆ ಅಡ್ಡಲಾಗಿ, ಒಮ್ಮೆ ನೆಟ್ಟಗೆ ಇರಿಸಿ, ತೆರೆಯ ಗಲಾಟೆ ಯಾವುದರಲ್ಲಿ ಎಷ್ಟು ಎಂದು ಲೆಕ್ಕ ಕಟ್ಟುತ್ತಿದ್ದರು. ಹೋಲಿಸಿ ನೋಡಲು ನೀರಿನ ಮೇಲೊಂದು ದೋಣಿ ಬೇಕಿತ್ತು. ದುರ್ಗಪ್ಪನನ್ನು ಕರೆಸಿದರು.

"ನೀ ಎಂತದೂ ಮಾಡುದ್ ಬ್ಯಾಡ. ದೋಣಿಲಿ ಸುಮ್ನೆ ಕೂತ್ಕೊ. ನಿನ್ನ ಇಲ್ಲಿಂದ ನೋಡ್ತ್ರು," ಎಂದ, ಕುಮಟೆಯಿಂದ ಬಂದಿದ್ದ ದುಭಾಷಿ ಮಾಬ್ಲೇಶ್ವರ.

ಆ ಒಂದು ಮಾತು ದುರ್ಗಪ್ಪನ ಎದೆಗಿಳಿಯಿತು. ಮರುದಿನದಿಂದ ಒಗೆದ ಅಂಗಿ ತೊಟ್ಟು, ತಲೆ ಬಾಚಿಕೊಂಡು ಕಡಲಿಗೆ ಹೊರಟ. ಮೀನಿಗೆ ತೋರಿಸಲಿಕ್ಕೋ ಎಂದು ಊರವರು ನಕ್ಕರು. ಸಂಜೆ ಗುಡ್ಡ ಹತ್ತಿ "ನಾ ಕಂಡ್ನಾ?" ಎಂದು ಕೇಳುವುದು, "ಕಂಡೆ, ಕಂಡೆ" ಎನ್ನಿಸಿಕೊಂಡು ಇಳಿಯುವುದು. ಆ ಹುಚ್ಚಪ್ಪನಿಗೆ ಅಷ್ಟೇ ಸಾಕಾಗಿತ್ತು.

ಮಳೆಗಾಲಕ್ಕೆ ಮುಂಚೆ ಒಂದು ದಿನ ಕಡಲು ಕೆರಳಿತು. ಇಂಥ ದಿನವೇ ಬೇಕೆಂದರು ಸಾಹೇಬರು. ದುರ್ಗಪ್ಪ ಹೋದ, ದೋಣಿ ಮಗುಚಿತು. ಅದನ್ನೇ ತಬ್ಬಿ ತೇಲುತ್ತಿದ್ದಾಗ, ದಂಡೆಗೆ ಮರಳುತ್ತಿದ್ದ ನೆರೆಮನೆಯ ತಿಮ್ಮಪ್ಪ ದೂರದಿಂದ ಕೂ ಹಾಕಿದ. ಕಡಲಲ್ಲಿ ಕೂ ಕೇಳಿದರೆ ಮರಳಿ ಕೂ ಹಾಕಬೇಕು. ಹಾಕದಿದ್ದರೆ ಅಲ್ಲಿ ಯಾರೂ ಇಲ್ಲವೆಂದೇ ಅರ್ಥ. ದುರ್ಗಪ್ಪ ಬಾಯಿ ಬಿಡಲಿಲ್ಲ. ಗುಡ್ಡದವರು ನೋಡುತ್ತಿದ್ದಾರಲ್ಲ, ಅವರೇ ಬರಲಿ. ತನ್ನನ್ನು ಹುಡುಕಿಕೊಂಡು ಯಾರಾದರೂ ಓಡಿ ಬರುವುದನ್ನು ಜೀವಮಾನದಲ್ಲಿ ಒಮ್ಮೆ ನೋಡಬೇಕಿತ್ತು ಅವನಿಗೆ. ತಿಮ್ಮಪ್ಪನ ದೋಣಿ ಮರೆಯಾಯಿತು. ಗುಡ್ಡದಿಂದ ಯಾರೂ ಇಳಿಯಲಿಲ್ಲ.

ಕೊನೆಗೆ ದೋಣಿಯ ಆಸೆ ಬಿಟ್ಟು, ಈಜಿ ದಂಡೆ ಮುಟ್ಟಿ, ಒದ್ದೆ ಅಂಗಿಯಲ್ಲೇ ಗುಡ್ಡ ಹತ್ತಿದ. ಮಾಬ್ಲೇಶ್ವರ ಗಾಜಿನ ಮುಂದೆ ಬಗ್ಗಿ ಕೂತಿದ್ದ.

"ಇವತ್ತು ಲಾಯ್ಕಾತು ದುರ್ಗಪ್ಪ," ಎಂದ, ತಲೆ ಎತ್ತದೆ. "ಸರಳು ನೆಟ್ಟಗಿಟ್ರೆ ಗಾಜ್ ತುಂಬಾ ತೆರೆನೇ. ಸಾಯೇಬ್ರಿಗೆ ಬೇಕಾದ್ ಲೆಕ್ಕ ಎಲ್ಲಾ ಸಿಕ್ತು."

"ನಾ ಕಂಡ್ನಾ?"

"ಇಷ್ಟ್ ತೆರೆಲಿ ನೀ ಎಲ್ಲಿ ಕಾಣ್ತೆ ಮಾರಾಯ? ಹೋಗಿದ್ಯೋ ಇಲ್ವೋ ಅಂತ್ಲೇ ನಂಗೆ ಸಂಶಯ."

ದುರ್ಗಪ್ಪ ಒದ್ದೆ ಅಂಗಿಯ ತುದಿ ಹಿಂಡಿದ.

"ಹೋಗ್ಲಿಲ್ಲ," ಎಂದ.