ಕೈಗೂ ಬಾಯಿಗೂ ನಡುವಿನ ಗೇಣು

ತೊಂಬತ್ತರ ದಶಕದ ಕೊನೆಯಲ್ಲಿ, ಪರ್ಕಳದ ಇಳಿಜಾರಿನಲ್ಲಿ ನನ್ನ ಸ್ಕೂಟರ್ ಜಾರಿದ್ದು ಮಳೆಯಿಂದ ಎಂದು ಹೇಳಿಕೊಂಡು ಬಂದಿದ್ದೇನೆ. ಆ ದಿನ ಒಣ ಬಿಸಿಲಿತ್ತು ಎನ್ನುತ್ತಾಳೆ ಹೆಂಡತಿ. ಮಳೆಯನ್ನು ಆಮೇಲೆ ನಾನೇ ಸುರಿಸಿಕೊಂಡಿರಬೇಕು. ಹಿಂದೆ ಕುಳಿತಿದ್ದ ಏಳು ವರ್ಷದ ಮಗಳ ಬಲಗೈ ಮೊಣಕೈಯ ಬಳಿ ಮುರಿಯಿತು ಎಂಬಲ್ಲಿ ಮಾತ್ರ ಇಬ್ಬರ ನೆನಪೂ ಒಂದೇ.

ಮಣಿಪಾಲದಲ್ಲಿ ಆಪರೇಷನ್ ಆಯಿತು. ಎಲುಬು ಕೂಡಿತು, ಒಳಗಿಟ್ಟಿದ್ದ ತಂತಿಗಳನ್ನೂ ತೆಗೆದರು. ಆದರೆ ಕೈ ಮಡಚುತ್ತಿರಲಿಲ್ಲ. ಬೆರಳ ತುದಿ ಬಾಯಿಗೆ ಒಂದು ಗೇಣು ದೂರದಲ್ಲೇ ನಿಂತುಬಿಡುತ್ತಿತ್ತು. ಅಂಬಲಪಾಡಿಯ ನಮ್ಮ ಮನೆಯಲ್ಲಿ ಎಡಗೈಯಲ್ಲಿ ಉಣ್ಣುವುದೆಂದರೆ ಆಗದ ಮಾತು. ಹಾಗಾಗಿ ಮೂರು ಹೊತ್ತೂ ನನ್ನ ಅಮ್ಮನೇ ಮೊಮ್ಮಗಳಿಗೆ ತುತ್ತು ಕೊಡುತ್ತಿದ್ದಳು. ಸಂಜೆ ಬಿಸಿ ಎಣ್ಣೆ ಹಚ್ಚಿ ತಿಕ್ಕುತ್ತಿದ್ದಳು. ನಾವೆಲ್ಲ ಅದನ್ನೇ ಆರೈಕೆ ಎಂದುಕೊಂಡಿದ್ದೆವು.

ಆಸ್ಪತ್ರೆಯ ಫಿಸಿಯೋಥೆರಪಿಯ ಹುಡುಗಿ ಮೊದಲು ಅಮ್ಮ ತಿಕ್ಕುವುದನ್ನು ನಿಲ್ಲಿಸಿದಳು. ಬಲವಂತ ಮಾಡಿದರೆ ಕೀಲು ಇನ್ನಷ್ಟು ಬಿಗಿಯುತ್ತದೆ, ಮಗು ತಾನಾಗಿ ಆಡಿಸಿದಷ್ಟೇ ಲಾಭ ಎಂದಳು. ಆಮೇಲೆ ಊಟದ ವಿಷಯ ಕೇಳಿದಳು.

"ಎಡಗೈಯಲ್ಲಿ ಉಣ್ಣಲಿಕ್ಕೆ ಬಿಡ್ಲಿಕ್ಕಾಗ್ತದಾ ಮಗಾ?" ಎಂದಳು ಅಮ್ಮ.

"ಎಡಗೈ ಬೇಡ ಅಜ್ಜಿ, ನಿಮ್ಮ ಕೈಯೂ ಬೇಡ. ನೀವು ತಿನ್ನಿಸುವಷ್ಟು ದಿನ ಈ ಕೈಗೆ ಎಂತ ಕೆಲಸ ಉಂಟು?"

ಮರುದಿನದಿಂದ ಅಮ್ಮ ಬಡಿಸಿ, ಅಡುಗೆಮನೆಗೆ ಹೋಗಿ, ಗೋಡೆಯ ಕಡೆ ಮುಖ ಮಾಡಿ ಕೂರತೊಡಗಿದಳು. ಮಗಳು ಕತ್ತು ಬಗ್ಗಿಸಿ ತುತ್ತನ್ನು ಹಿಡಿಯಲು ನೋಡುತ್ತಿದ್ದಳು. ಅರ್ಧ ಅನ್ನ ಮಡಿಲಿಗೆ. ನಾಲ್ಕನೆಯ ದಿನವೋ ಏನೋ, ತಡೆಯಲಾಗದೆ ಎರಡು ತುತ್ತು ನಾನೇ ತಿನ್ನಿಸಿದೆ. ಸ್ಕೂಟರ್ ಓಡಿಸಿದವನು ನಾನು. ಅವಳು ಅಡುಗೆಮನೆಯತ್ತ ನೋಡಿ ಮೆಲ್ಲಗೆ ಕೇಳಿದಳು: "ಇದು ಲೆಕ್ಕಕ್ಕಿಲ್ಲ ಅಲ್ವಾ ಅಪ್ಪ?"

ಆಮೇಲೆಯೂ ತಿನ್ನಿಸಿದೆ. ಎಷ್ಟು ಸಲ ಎಂದು ಹೇಳಲಾರೆ.

ಅವಳ ಕೈ ಮೊದಲ ಸಲ ಬಾಯಿಗೆ ಮುಟ್ಟಿದ್ದನ್ನು ಮನೆಯವರೆಲ್ಲ ಕಂಡೆವು, ಅಮ್ಮ ಕಣ್ಣೊರೆಸಿಕೊಂಡಳು ಎಂದು ಬಹಳ ಕಾಲ ಹೇಳುತ್ತಿದ್ದೆ. ಕಂಡವರು ಯಾರೂ ಇಲ್ಲ. ನಾನು ಗೇಟಿನ ಬಳಿ ಯಾರೊಂದಿಗೋ ಮಾತಾಡುತ್ತಿದ್ದೆ. ಒಳಗೆ ಬಂದಾಗ ಅಮ್ಮ ಮಜ್ಜಿಗೆಯ ಪಾತ್ರೆ ಹಿಡಿದು ನಿಂತಿದ್ದಳು. ತಟ್ಟೆ ಖಾಲಿ. ಮಗಳ ಮಡಿಲಲ್ಲಿ ಒಂದು ಅಗುಳೂ ಇಲ್ಲ.

"ಇವತ್ತೂ ನೀನೇ ತಿನ್ನಿಸಿದ್ದಾ?" ಎಂದಳು ಅಮ್ಮ. ಅವಳಿಗೆ ಎಲ್ಲ ಗೊತ್ತಿತ್ತು.

ಅಲ್ಲ ಎಂದೆ. ನಂಬಲಿಲ್ಲ. ಆಮೇಲೆ ಮೊಮ್ಮಗಳ ಮೂಗಿನ ತುದಿಗೆ ಅಂಟಿದ್ದ ಅನ್ನದ ಅಗುಳು ಅವಳ ಕಣ್ಣಿಗೆ ಬಿತ್ತು. ಒರೆಸಲು ಎತ್ತಿದ ಕೈಯನ್ನು ಹಾಗೆಯೇ ಇಳಿಸಿ, ಮೊಮ್ಮಗಳಿಗೆ ಹೇಳಿದಳು:

"ಮೂಗಿನಲ್ಲಿ ಉಂಟು. ನೀನೇ ತೆಗೆ."