ಮೂಸದೆ ಕೊಯ್ಯಬೇಕಾದ ಹೂವು

ಹೂವು ಕಂಡರೆ ನನಗಿಂತ ಮೊದಲು ನನ್ನ ಮೂಗು ಅದರ ಬಳಿ ಹೋಗಿರುತ್ತದೆ. ಇದು ನನ್ನ ಹಳೆಯ ಬ್ಯಾಡ್ ಹ್ಯಾಬಿಟ್. ಕಾನ್ವೆಂಟಿನ ಸಿಸ್ಟರುಗಳು ನನಗೆ ಚಮಚ ಹಿಡಿಯುವುದನ್ನೂ ಬಾಯಿಗೆ ಕೈ ಅಡ್ಡ ಹಿಡಿದು ಆಕಳಿಸುವುದನ್ನೂ ಕಲಿಸಿದರು. ಹೂವನ್ನು ಮೂಸಬಾರದೆಂದು ಮಾತ್ರ ಯಾರೂ ಹೇಳಲಿಲ್ಲ. ಅದನ್ನು ಕಲಿಯಲು ಮದುವೆಯಾಗಿ ಇಳಕಲ್ಲಿಗೇ ಬರಬೇಕಾಯಿತು.

ಎಪ್ಪತ್ತರ ದಶಕದ ಮಾತು. ತವರಿನ ಬುತ್ತಿಯ ಜೊತೆ ಒದ್ದೆ ಬಟ್ಟೆ ಸುತ್ತಿದ ಒಂದು ಗೇಣು ಕಡ್ಡಿಯನ್ನೂ ತಂದಿದ್ದೆ. ಕಾನ್ವೆಂಟಿನ ಗೇಟಿನ ಮೇಲೆ ಹಬ್ಬಿದ್ದ ಹನಿಸಕಲ್ ಎಂಬ ಹೂಬಳ್ಳಿಯ ಕಟಿಂಗ್ ಅದು. ನಮ್ಮ ಬಿಸಿಲಿಗೆ ಉಳಿಯುವುದಿಲ್ಲವೆಂದು ಎಲ್ಲರೂ ತೀರ್ಪು ಕೊಟ್ಟರು. ಹಿತ್ತಲಲ್ಲಿ ಬಚ್ಚಲ ಗೋಡೆಯ ನೆರಳಿಗೆ ನೆಟ್ಟು, ಬುಡಕ್ಕೆ ಒದ್ದೆ ಗೋಣಿತಟ್ಟು ಹೊದಿಸಿ, ಅಕ್ಕಿ ತೊಳೆದ ನೀರು ಕುಡಿಸಿದೆ. ಪಕ್ಕದ ಮನೆಯ ನೇಕಾರರು ಕೊಟ್ಟ ತುಂಡು ನೂಲನ್ನು ಹೊಸೆದು ಮೇಲೆ ಹತ್ತಲು ದಾರಿ ಮಾಡಿಕೊಟ್ಟೆ. ಎರಡು ವರ್ಷ ಮುನಿಸಿಕೊಂಡು ಕೂತಿದ್ದ ಬಳ್ಳಿ ಮೂರನೆಯ ವರ್ಷ ಬಟ್ಟೆ ಒಣಹಾಕುವ ಹಗ್ಗಕ್ಕೂ ಹಬ್ಬಿ, ಅತ್ತೆಯವರ ಸೀರೆಯ ಸೆರಗು ಹಿಡಿದುಕೊಂಡಿತು.

“ಹೂ ಇಲ್ಲ, ಕಾಯಿ ಇಲ್ಲ, ಸೆರಗ ಹಿಡಿಯೂದೊಂದ ಗೊತ್ತೈತಿ ಇದಕ್ಕ,” ಎಂದರು ಅತ್ತೆ. “ಈ ಶ್ರಾವಣದಾಗ ಪೂಜಿಗೆ ಹೂ ಕೊಡಲಿಲ್ಲಂದ್ರ ಕಿತ್ತು ಮಲ್ಲಿಗಿ ಹಚ್ಚತೇನಿ ನೋಡು.”

ಬಳ್ಳಿಗೆ ಕೇಳಿಸಿತೋ ಏನೋ, ಶ್ರಾವಣಕ್ಕೆ ಮೈತುಂಬ ಅರಳಿತು. ಸಂಜೆಗೆ ಬಿಳಿ, ಮರುದಿನ ಹಳದಿ. ನಾನು ಬುಟ್ಟಿ ತುಂಬಿಕೊಂಡು ಹೆಮ್ಮೆಯಿಂದ ಪೂಜೆಯ ಕೋಣೆಗೆ ಹೋದೆ.

“ಮೂಸಿದೇನು?” ಎಂದು ಕೇಳಿದರು ಅತ್ತೆ. ಒಬ್ಬರು ಮೂಸಿದ ಹೂವು ಎಂಜಲು, ಲಿಂಗಕ್ಕೆ ಏರಿಸುವಂತಿಲ್ಲ.

“ನಾ ಮೂಸಿಲ್ರಿ ಅತ್ತೀ, ಅದ ಬಂದು ಮೂಗಿಗೆ ಹೊಕ್ಕಿತು.”

“ನಿನ್ನ ಮೂಗಿಗೆ ಬಾಗಲಾ ಇಲ್ಲೇನು? ಹಾಕ್ಕೋಬೇಕಿತ್ತು.”

ಈ ಹೂವು ಕತ್ತಲಾಗುತ್ತಲೇ ಗಂಧ ಬೀರುವುದು ಪತಂಗಗಳನ್ನು ಕರೆಯಲಿಕ್ಕೆ ಎಂದು ಮುಂದೆ ಎಲ್ಲೋ ಓದಿದೆ. ಪತಂಗಕ್ಕೆ ಬರೆದ ಇನ್ವಿಟೇಶನ್ ನನ್ನ ಮೂಗಿಗೆ ಡೆಲಿವರಿಯಾದರೆ ತಪ್ಪು ಯಾರದು? ಅಂದು ನನಗೆ ಬೇಕಾದದ್ದು ಬಳ್ಳಿ ಉಳಿಯುವುದು, ಅಷ್ಟೇ. ಮರುದಿನದಿಂದ ಮೂಗಿನ ಮೇಲೆ ಸೆರಗು ಬಿಗಿದು ಹೂವು ಕೊಯ್ದೆ. “ಆಪರೇಶನ್ ಮಾಡಾಕ ಡಾಕ್ಟರ್ ಬಾಯಿ ಬಂದ್ಳಬೇ!” ಎಂದು ಗೋಡೆಯಾಚೆಯ ನೇಕಾರ ಹೆಂಗಸರು ಬಿದ್ದು ಬಿದ್ದು ನಕ್ಕರು. ಅತ್ತೆ ನಗಲಿಲ್ಲ, ಹೂವು ತೆಗೆದುಕೊಂಡರು. ಬಳ್ಳಿ ಉಳಿಯಿತು.

ಹೀಗೆ ಎಷ್ಟೋ ಶ್ರಾವಣಗಳು ಕಳೆದವು. ಎಂಬತ್ತರ ದಶಕದಲ್ಲಿ ಅತ್ತೆಗೆ ಕೆಟ್ಟ ಜ್ವರ ಬಂದು ಹೋಯಿತು. ಹೋಗುವಾಗ ವಾಸನೆಯನ್ನೂ ಒಯ್ದಿತು. ಒಲೆಯ ಮೇಲೆ ಹಾಲು ಸೀದು ಕರಕಾಗುತ್ತಿದ್ದರೂ ಅವರು ಪಕ್ಕದಲ್ಲೇ ಕೂತು ಕಾಳು ಆರಿಸುತ್ತಿದ್ದರು. ಆಗ ನಮಗೆ ತಿಳಿಯಿತು. ಅಯ್ಯೋ ಎನ್ನಲು ಅವರು ಯಾರಿಗೂ ಬಿಡಲಿಲ್ಲ. “ಇನ್ನ ಹೂ ಕೊಯ್ಯೂ ಕೆಲಸ ನಂದು. ಈ ಮನಿಯಾಗ ನನ್ನಷ್ಟು ಶುದ್ಧ ಮೂಗು ಯಾರಿಗೈತಿ?”

ಒಂದು ಮುಂಜಾನೆ ತುಂಬಿದ ಬುಟ್ಟಿ ಹಿಡಿದು ಬಳ್ಳಿಯ ಕೆಳಗೇ ನಿಂತುಬಿಟ್ಟಿದ್ದರು.

“ಇದರ ವಾಸನಿ ಹ್ಯಾಂಗಿರತೈತಿ? ಇದ್ದಾಗ ನಾ ಒಮ್ಮಿನೂ ಬೇಕಂತ ತಗೊಳ್ಳಲಿಲ್ಲ.”

“ಛಲೋ ಇರತೈತ್ರಿ.”

“ಛಲೋ ಅಂದ್ರ? ಪಲ್ಯಾನೂ ಛಲೋ ಇರತೈತಿ.”

ಸ್ವೀಟ್, ಡೆಲಿಕೇಟ್, ಹೆವನ್ಲಿ—ಕಾನ್ವೆಂಟ್ ಕೊಟ್ಟ ಮಾತುಗಳೆಲ್ಲ ಸಾಲಾಗಿ ಬಂದವು, ಒಂದೂ ಆ ಹಿತ್ತಲಲ್ಲಿ ಕೆಲಸಕ್ಕೆ ಬರಲಿಲ್ಲ. ಕಾಸಿದ ಹಾಲಿಗೆ ಜೇನು ಬಿದ್ದಂತೆ ಎಂದೆ. ಅತ್ತೆಗೆ ಒಪ್ಪಿಗೆಯಾಗಲಿಲ್ಲ. ಬುಟ್ಟಿಯಿಂದ ಒಂದು ಹೂವು ತೆಗೆದು ತಾವೇ ನನ್ನ ಮೂಗಿನ ಕೆಳಗೆ ಹಿಡಿದರು.

“ಗಡಿಬಿಡಿ ಮಾಡಬ್ಯಾಡ. ಸರಿಯಾಗಿ ಮೂಸಿ ಹೇಳು.”

ಮೂಸಿದೆ. ಮೊದಲ ಮಳೆ, ತೊಟ್ಟಿಲ ಕೂಸಿನ ನೆತ್ತಿ, ಆಗಷ್ಟೇ ಮಡಿಕೆ ಬಿಚ್ಚಿದ ಹೊಸ ಸೀರೆ, ತೋಚಿದ್ದೆಲ್ಲ ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಸ್ನಾನ ಮಾಡಿ, ಕೊರಳ ಲಿಂಗವನ್ನು ಅಂಗೈಗೆ ತೆಗೆದುಕೊಂಡು ಅದರ ಮೇಲೆ ಎಲ್ಲಕ್ಕಿಂತ ಮೊದಲು ಅದೇ ಹೂವನ್ನಿಟ್ಟರು. ನಾನು ಗಾಬರಿಯಾಗಿ ಬಾಯಿ ತೆರೆದೆ.

“ಸುಮ್ನಿರು,” ಎಂದರು. “ನೀ ಹೇಳಿದ್ದು ಅವನೂ ಕೇಳ್ಯಾನ.”